ನೀಲಿ ಹಾರ್ನಿನ ಮೊದಲ ಮಾತು

ನನ್ನ ಬೆಲೆ ಎಂಟುನೂರ ನಲವತ್ತು ರೂಪಾಯಿ. ತಗಡಿಗೆ ಇಷ್ಟು, ಅಯಸ್ಕಾಂತಕ್ಕೆ ಇಷ್ಟು, ತಾಮ್ರದ ತಂತಿಗೆ ಇಷ್ಟು, ನೀಲಿ ಬಣ್ಣಕ್ಕೆ ಇಷ್ಟು, ಕೂಲಿಗೆ ಇಷ್ಟು, ಸಾಹೇಬರ ಜೀಪಿನ ಪೆಟ್ರೋಲಿಗೂ ಅದರಲ್ಲೇ ಒಂದಿಷ್ಟು ಎಂದು ಲೆಕ್ಕ ಹಾಕಿ ಸರ್ಕಾರಿ ಕಾರ್ಖಾನೆಯವರು ನನ್ನ ಕತ್ತಿಗೆ ಚೀಟಿ ಕಟ್ಟಿದರು. ಪೇಟೆಯಲ್ಲಿ ಆಗ ಹೊರದೇಶದ ಹಾರ್ನು ನಾನೂರ ಹತ್ತಕ್ಕೆ ಸಿಗುತ್ತಿತ್ತು. ನೋಡಲು ನನ್ನ ಹಾಗೆಯೇ, ಬಣ್ಣ ಮಾತ್ರ ಬಿಳಿ. ಈ ಎರಡು ಬೆಲೆಗಳ ನಡುವೆ ಸಿಕ್ಕಿಕೊಂಡೇ ನನ್ನ ಆಯುಷ್ಯ ಕಳೆಯಿತು.

ನಾನು ಒಂದು ಮೈಕಿನ ಹಾರ್ನು. ಮದುವೆ ಮನೆಯ ಮುಂದೆ, ಸಭೆಯ ಕಂಬದ ಮೇಲೆ, ಓಟು ಕೇಳುವ ಆಟೋದ ನೆತ್ತಿಯ ಮೇಲೆ ನನ್ನನ್ನು ನೀವು ನೋಡಿರುತ್ತೀರಿ. ಹುಟ್ಟಿದ್ದು ಚಿತ್ರದುರ್ಗದ ಕಡೆಯ ಹುಲ್ಲೇಕಟ್ಟೆ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿ ಹಾರ್ನು, ರೇಡಿಯೋ ತಯಾರಿಸುವ ಸರ್ಕಾರಿ ಕಾರ್ಖಾನೆ ಇತ್ತು. ಊರವರು ಅದನ್ನು ಬರೀ 'ಫ್ಯಾಕ್ಟ್ರಿ' ಎನ್ನುತ್ತಿದ್ದರು. ಬೇರೆ ಫ್ಯಾಕ್ಟರಿ ಇರಲಿಲ್ಲವಾದ್ದರಿಂದ ಅಷ್ಟು ಸಾಕಿತ್ತು.

ನನ್ನ ಗಂಟಲೊಳಗೆ ಕೂದಲಿನಷ್ಟು ತೆಳುವಾದ ತಂತಿಯ ಒಂದು ಸುರುಳಿ ಇತ್ತು. ಕಾಯಿಲು ಎನ್ನುತ್ತಾರೆ. ನನಗೆ ದನಿ ಬರುತ್ತಿದ್ದದ್ದೇ ಅದರಿಂದ. ಅದನ್ನು ಸುತ್ತಿದವಳು ಪಾಲಾಕ್ಷಮ್ಮ. ಕಾಯಿಲು ವಿಭಾಗದಲ್ಲಿ ಹೆಂಗಸರೇ ಇದ್ದರು, ಅವರಲ್ಲಿ ಒಂದು ಪದ್ಧತಿಯೂ ಇತ್ತು. ಸುತ್ತಿ ಮುಗಿದ ಮೇಲೆ ಪರೀಕ್ಷೆಯ ಕೋಣೆಯಲ್ಲಿ ಹಾರ್ನಿಗೆ ಮಾತು ಕೊಟ್ಟು ನೋಡಬೇಕು. ಒಂದು, ಎರಡು, ಮೂರು ಎಂದು ಹೇಳಿ ಎಂಬುದು ಸಾಹೇಬರ ಅಪ್ಪಣೆ. ಹೆಂಗಸರು ಹೇಳುತ್ತಿದ್ದದ್ದು ತಮ್ಮ ತೌರೂರಿನ ಹೆಸರನ್ನು. ಹುಟ್ಟಿದ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಹಾಗೆ. ಪಾಲಾಕ್ಷಮ್ಮ ಮೈಕಿನ ಹತ್ತಿರ ಬಾಯಿ ತಂದು "ಕರಿಗುಂಟೆ" ಎಂದಳು. ಕೋಣೆಯ ಗೋಡೆಗಳಿಗೆಲ್ಲ ಕೇಳುವಂತೆ ನಾನೂ "ಕರಿಗುಂಟೆ" ಎಂದೆ. ಅದು ನನ್ನ ಮೊದಲ ಮಾತು.

ಅವಳ ಗಂಡ ಓಬಳೇಶ. ಮನೆಯ ಮುಂದಿನ ಕೋಣೆಯಲ್ಲೇ ದುರ್ಗಾಂಬಿಕಾ ಮೈಕ್‌ಸೆಟ್ ಎಂಬ ಅಂಗಡಿ ಇಟ್ಟಿದ್ದ. ಹೆಂಡತಿ ಕೆಲಸ ಮಾಡುವ ಕಾರ್ಖಾನೆಯ ಮಾಲು ಮನೆಯಲ್ಲಿ ಒಂದಾದರೂ ಇರಬೇಕೆಂದು ನನ್ನನ್ನು ಕೊಂಡುತಂದ. ನನ್ನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದ. ಮರುದಿನದಿಂದಲೇ ದುಡಿಮೆ. ಒಂದು ಕಡೆ ನೆಟ್ಟಗೆ ಕೂತವನಲ್ಲ ನಾನು. ಬೆಳಿಗ್ಗೆ ನಾಮಕರಣ, ಮಧ್ಯಾಹ್ನ ಆರೋಗ್ಯ ಇಲಾಖೆಯ ಡಂಗುರ, ಸಂಜೆ ನಾಟಕ. ಹಗ್ಗ ಬಿಚ್ಚು, ಹಗ್ಗ ಕಟ್ಟು. ಚುನಾವಣೆ ಬಂತೆಂದರೆ ಕೇಳುವುದೇ ಬೇಡ. ಒಂದು ಬಾವುಟದವರಿಗೆ ಊರ ಮೇಲಿನ ಭಾಗ ಸುತ್ತಿ ಬಂದ ಆಟೋಕ್ಕೆ ಇನ್ನೊಂದು ಬಾವುಟ ಕಟ್ಟಿ ಕೆಳಗಿನ ಭಾಗಕ್ಕೆ ಕಳಿಸುತ್ತಿದ್ದರು. ಎರಡು ಬಾವುಟದವರೂ ನನ್ನ ಬಾಯಿಂದ ಕೂಗಿಸುತ್ತಿದ್ದದ್ದು ಒಂದೇ: "ನಮ್ಮ ಫ್ಯಾಕ್ಟರಿ ಉಳಿಸುತ್ತೇವೆ!"

ಉಳಿಸುವ ಮಾತು ಬಂದದ್ದೇಕೆಂದರೆ, ಫ್ಯಾಕ್ಟರಿ ಮುಳುಗುತ್ತಿತ್ತು. ಗೋದಾಮಿನಲ್ಲಿ ಮಾಲು ಹಾಗೇ ಕೂತಿತ್ತು, ಸಂಬಳ ತಡವಾಗುತ್ತಿತ್ತು. ಸರ್ಕಾರ ಇದನ್ನು ಇನ್ನೂ ಸಾಕಬೇಕೋ ಮುಚ್ಚಬೇಕೋ ಎಂದು ಎಲ್ಲರ ಬಾಯಲ್ಲೂ ಚರ್ಚೆ. ಪಾಲಾಕ್ಷಮ್ಮನಿಗೆ ಅದು ಚರ್ಚೆಯಾಗಿರಲಿಲ್ಲ. ಬೀಗ ಬಿದ್ದರೆ ಅವಳ ಬೆರಳುಗಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಹೆಬ್ಬೆರಳು ತೋರುಬೆರಳಿನ ಮೇಲೆ ಇಲ್ಲದ ತಂತಿಯನ್ನು ಸುತ್ತುತ್ತಲೇ ಇರುತ್ತಿತ್ತು.

ಆ ದಿನಗಳಲ್ಲಿ ದಾವಣಗೆರೆಯಿಂದ ಒಬ್ಬ ಕಾಲೇಜು ಹುಡುಗಿ ಅಂಗಡಿಗೆ ಬಂದಳು. ಯಾವುದೋ ಪತ್ರಿಕೆಗಾಗಿ ಜನಾಭಿಪ್ರಾಯ ಕೇಳುತ್ತಿದ್ದಳು. ನಾನು ಮೊಳೆಗೆ ನೇತಾಡುತ್ತಿದ್ದೆ.

"ಅಂಕಲ್, ಸರ್ಕಾರ ನಮ್ಮ ದೇಶದ ಕಾರ್ಖಾನೆಗಳಿಗೆ ಬೆಂಬಲ ಕೊಡಬೇಕಾ, ಬೇಡವಾ?"

"ಕೊಡಲೇಬೇಕು ಕಣಮ್ಮ! ಅದೇನು ಕೇಳೋ ಮಾತಾ? ನನ್ನ ಹೆಂಡ್ರು ಅಲ್ಲೇ ಕೆಲಸ ಮಾಡೋದು."

"ಹಾಗಾದರೆ ಓಟು?"

"ಯಾರು ಫ್ಯಾಕ್ಟ್ರಿ ಉಳಿಸ್ತಾರೋ ಅವರಿಗೆ."

"ಇಬ್ಬರೂ ಉಳಿಸ್ತೀವಿ ಅಂತಿದಾರಲ್ಲ."

"ಅದಕ್ಕೇ ಇಬ್ಬರಿಗೂ ಹಾಕ್ತೀನಿ ಅಂದಿದೀನಿ" ಎಂದು ಓಬಳೇಶ ನಕ್ಕ. ಹುಡುಗಿಯೂ ನಕ್ಕಳು.

"ಇನ್ನೊಂದೇ ಪ್ರಶ್ನೆ ಅಂಕಲ್. ಇಲ್ಲಿಯ ಮಾಲಿಗೆ ಬೆಲೆ ಜಾಸ್ತಿ ಆದರೂ ಅದನ್ನೇ ಕೊಳ್ತೀರಾ?"

ಓಬಳೇಶ ತಲೆ ಕೆರೆದುಕೊಂಡ. "ಅದು ಬೇರೆ ಮಾತು ಬಿಡವ್ವ. ಟೀ ಕುಡೀತೀಯಾ?"

ಅವನ ಬೆನ್ನ ಹಿಂದೆ, ಪರದೆಯ ಮರೆಯಲ್ಲಿ, ಹನ್ನೆರಡು ಹೊಸ ಹಾರ್ನುಗಳಿದ್ದವು. ಎಲ್ಲ ಬಿಳಿ, ಎಲ್ಲ ಹೊರದೇಶದವು. ಅಂಗಡಿಯಲ್ಲಿ ನಾನೊಬ್ಬನೇ ನೀಲಿ.

ಅವನನ್ನು ಸುಮ್ಮನೆ ಬಯ್ಯುವ ಹಾಗಿಲ್ಲ. ಮದುವೆಯವರು ಚೌಕಾಸಿ ಮಾಡುವಾಗ ಹಾರ್ನು ಯಾವ ದೇಶದ್ದೆಂದು ಕೇಳುವುದಿಲ್ಲ, ಬಾಡಿಗೆ ಎಷ್ಟೆಂದು ಕೇಳುತ್ತಾರೆ. ಬಡ್ಡಿ ಕಟ್ಟಿ, ಆಟೋಕ್ಕೆ ಎಣ್ಣೆ ಹಾಕಿ, ಅದರ ಮೇಲೆ ಒಂದಿಷ್ಟು ಉಳಿಯಬೇಕಾದರೆ ಅಗ್ಗದ್ದನ್ನೇ ತರಬೇಕು.

ಒಂದು ದಿನ ಜಂಬಣ್ಣ ಬಂದ. ಒಂದು ಪಕ್ಷದ ಅಭ್ಯರ್ಥಿಯ ಬಲಗೈ ಬಂಟ, ಸಭೆ ಸಮಾರಂಭಗಳ ಉಸ್ತುವಾರಿಯೆಲ್ಲ ಅವನದೇ.

"ಓಬಳೇಶಣ್ಣ, ಭಾನುವಾರ ಸಂತೆ ಮೈದಾನದಾಗೆ ದೊಡ್ಡ ಸಭೆ. 'ಫ್ಯಾಕ್ಟ್ರಿ ಉಳಿಸಿ' ಅಂತ. ಹಾರ್ನೆಲ್ಲ ಫ್ಯಾಕ್ಟ್ರೀವೇ ಇರಬೇಕು, ನೀಲೀವು. ಪೇಪರ್‌ನೋರು ಫೋಟೋ ಹೊಡೀತಾರೆ. ಇದೊಂದು ಚೆನ್ನಾಗಿ ಮಾಡಿದ್ರೆ ಚುನಾವಣೆ ಮುಗಿಯೋವರೆಗೂ ಮೈಕು ನಿಂದೇ."

ಓಬಳೇಶ ಹೂಂ ಎಂದ. ಜಂಬಣ್ಣ ಹೋದದ್ದೇ ತಡ, ಹಿತ್ತಲಿನಲ್ಲಿ ಹನ್ನೆರಡು ಬಿಳಿ ಹಾರ್ನುಗಳನ್ನು ಬೋರಲು ಹಾಕಿ, ಒಂದು ಡಬ್ಬಿ ನೀಲಿ ಬಣ್ಣ ತಂದು ಕೂತ. ಪಕ್ಕದಲ್ಲಿ ನನ್ನನ್ನು ಇಟ್ಟುಕೊಂಡು ಬಣ್ಣ ಹೊಂದುತ್ತದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದ. ಹೊಂದುತ್ತಿತ್ತು. ಅದನ್ನು ನೋಡಿ ನನಗೆ ಆದ ಕಸಿವಿಸಿ ಯಾವ ಬಿರುಗಾಳಿಯಲ್ಲಿಯೂ ಆಗಿರಲಿಲ್ಲ.

ಸಂಜೆ ಮುದ್ದೆ ಬಡಿಸುವಾಗ ಪಾಲಾಕ್ಷಮ್ಮ ಗಂಡನ ಉಗುರು ನೋಡಿದಳು. ಉಗುರ ಸಂದಿಯಲ್ಲಿ ನೀಲಿ.

"ಇದು ನಮ್ಮ ಫ್ಯಾಕ್ಟ್ರಿ ಬಣ್ಣ ಅಲ್ವೇನ್ರೀ?"

ಅವನು ಸಾರಿಗೆ ಕೈ ಅದ್ದಿದ, ಬಣ್ಣ ಹೋಗಲಿಲ್ಲ. ಅವಳು ಹಿತ್ತಲಿಗೆ ಹೋಗಿ ನೋಡಿ ಬಂದಳು.

"ಊರಿಗೆಲ್ಲ ಮೋಸ ಮಾಡ್ರಿ, ನನ್ನ ಬಣ್ಣ ಬಳಿದು ಯಾಕೆ ಮಾಡ್ತೀರಿ?"

"ಮೋಸ ಅಂದ್ರೆ ಏನೇ? ನಿಮ್ಮ ಫ್ಯಾಕ್ಟ್ರಿ ಬಾಗಿಲಿಗೆ ಹೋಗಿ ನಾನು ಹಾರ್ನು ಕೇಳಿಲ್ವಾ? 'ಸಾಹೇಬರ ಸಹಿ ಆಗಬೇಕು, ಮುಂದಿನ ತಿಂಗಳು ಬಾ' ಅಂತಾರೆ. ಗೋದಾಮು ತುಂಬ ಮಾಲಿಟ್ಟುಕೊಂಡು ಮುಂದಿನ ತಿಂಗಳು ಅಂತೆ! ಮದುವೆ ಮುಂದಿನ ತಿಂಗಳಿಗೆ ಕಾಯ್ತದಾ? ಹೆಣ್ಣಿನ ಕಡೆಯೋರು ಕಾಯ್ತಾರಾ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪಾಲಾಕ್ಷಮ್ಮ ತಟ್ಟೆ ಎತ್ತಿಕೊಂಡು ಹೋದಳು. ಆಮೇಲೆ ಭಾನುವಾರದವರೆಗೆ ಆ ಮನೆಯಲ್ಲಿ ಉಪ್ಪು ಬೇಕೇ, ನೀರು ಬೇಕೇ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ದಿನವಿಡೀ ಕೂಗಿ ರೂಢಿಯಾದ ನನಗೆ ಆ ಮೌನ ತಡೆಯಲಾಗುತ್ತಿರಲಿಲ್ಲ.

ಸಭೆಯ ದಿನ ಮೈದಾನ ತುಂಬಿತ್ತು. ಹನ್ನೆರಡು ಹೊಸ ನೀಲಿಗಳು ಕಂಬಗಳ ಮೇಲೆ ಏರಿದವು. ನನ್ನನ್ನು ವೇದಿಕೆಯ ಮುಂದೆಯೇ, ಎಲ್ಲರಿಗೂ ಕಾಣುವಂತೆ ಕಟ್ಟಿದರು. ವೇದಿಕೆಯ ಪಕ್ಕದಲ್ಲಿ ಓಬಳೇಶ ಆಂಪ್ಲಿಫೈಯರ್ ಇಟ್ಟುಕೊಂಡು ಕೂತ. ಅಭ್ಯರ್ಥಿ ಮಾತನಾಡುವ ಮೊದಲು ಫ್ಯಾಕ್ಟರಿಯ ಹೆಂಗಸೊಬ್ಬಳು ಕೈಮುಗಿದು ಎರಡು ಮಾತು ಬೇಡಿಕೊಳ್ಳಲಿ ಎಂಬುದು ಜಂಬಣ್ಣನ ಯೋಜನೆ. ಮೈಕಿನವನ ಹೆಂಡತಿ, ಹೇಳಿದ ಹಾಗೆ ಕೇಳುತ್ತಾಳೆ ಎಂದು ಪಾಲಾಕ್ಷಮ್ಮನನ್ನೇ ಆರಿಸಿದ್ದ.

ಅವಳು ಮೈಕಿನ ಮುಂದೆ ಬಂದು ನಿಂತಳು. ಏನು ಮಾಡಬೇಕೆಂದು ತೋಚದೆ, ಅಭ್ಯಾಸದಿಂದ, "ಕರಿಗುಂಟೆ" ಎಂದಳು. ಮುಂದೆ ಕೂತಿದ್ದ ಕಾಯಿಲು ವಿಭಾಗದ ಹೆಂಗಸರು ಗೊಳ್ಳೆಂದು ನಕ್ಕರು. ಆ ನಗುವಿನಿಂದಲೋ ಏನೋ, ಅವಳಿಗೆ ಧೈರ್ಯ ಬಂತು.

"ಫ್ಯಾಕ್ಟ್ರಿ ಉಳೀಬೇಕು ಅನ್ನೋರು ಕೈ ಎತ್ರಿ."

ಮೈದಾನವೆಲ್ಲ ಕೈ. ಅಭ್ಯರ್ಥಿಯೂ ಎತ್ತಿದ. ಜಂಬಣ್ಣ ಎರಡೂ ಕೈ ಎತ್ತಿದ.

"ಇಳಿಸಬ್ಯಾಡ್ರಿ, ಹಂಗೇ ಇರ್ಲಿ. ಈಗ, ಮನೇಲಿ ನಮ್ಮ ಫ್ಯಾಕ್ಟ್ರಿ ರೇಡಿಯೋ ಇಲ್ಲದೋರು ಕೈ ಇಳಿಸ್ರಿ."

ಗಾಳಿಗೆ ಜೋಳದ ಹೊಲ ಮಲಗಿದ ಹಾಗೆ ಕೈಗಳು ಮಲಗಿದವು. ಯಾರೋ ಕೆಮ್ಮಿದರು. ಜಂಬಣ್ಣ ಓಬಳೇಶನ ಕಡೆ ತಿರುಗಿ, ಕತ್ತು ಕೊಯ್ಯುವಂತೆ ಕೈ ಆಡಿಸಿದ: ಮೈಕು ಬಂದ್ ಮಾಡು.

"ನಿಮ್ಮದು ತಪ್ಪು ಅಂಬಾದಿಲ್ಲ ನಾನು" ಎಂದಳು ಪಾಲಾಕ್ಷಮ್ಮ. "ಮೇಲೆ ನೋಡ್ರಿ. ಆ ಕಂಬದ ಮೇಲಿರೋವು ನಮ್ಮವಲ್ಲ. ಹೊರದೇಶದವು. ಆ ನೀಲಿ ನಮ್ಮ ಹಿತ್ತಲಲ್ಲಿ ಬಳಿದದ್ದು. ಬಳಿದೋರು ನನ್ನ ಯಜಮಾನ್ರು."

ಮೈದಾನ ನಕ್ಕಿತು, ಆಮೇಲೆ ನಗು ನಿಂತಿತು. ಓಬಳೇಶನ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಅವಳ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಚುನಾವಣೆಯ ಬಾಡಿಗೆ ಉಳಿಯುತ್ತಿತ್ತು. ಜಂಬಣ್ಣ ಬಳಿಗೇ ಬಂದು ಹಲ್ಲು ಕಚ್ಚಿಕೊಂಡು, "ಏಯ್, ನಿಲ್ಲಿಸಯ್ಯ! ಹೆಂಡ್ತಿ ಕೈಲಿ ಮಾನ ಕಳಕೊಂಡು ಕೂತಿದೀಯಲ್ಲ!" ಎಂದ.

ಓಬಳೇಶ ಬೆರಳು ತೆಗೆದ. ಟವೆಲಿನಿಂದ ಮುಖ ಒರೆಸಿಕೊಂಡ. "ಅವಳು ಹೇಳ್ತಿರೋದು ನಿಜ ಕಣಣ್ಣ" ಎಂದ.

"ನಮ್ಮ ಯಜಮಾನ್ರದೂ ತಪ್ಪು ಅಂಬಾದಿಲ್ಲ" ಎಂದು ಅವಳು ಮುಂದುವರಿಸಿದಳು. "ನಮ್ಮಲ್ಲಿಗೆ ಹಾರ್ನು ಕೇಳಾಕೆ ಬಂದೋರನ್ನ ಮುಂದಿನ ತಿಂಗಳು ಬಾ ಅಂತ ಕಳಿಸಿದೀವಿ. ಅದು ನಮ್ಮ ತಪ್ಪು. ಓಟು ಯಾರಿಗಾದ್ರೂ ಹಾಕ್ರಿ, ಅದು ನಿಮ್ಮಿಷ್ಟ. ಆದ್ರೆ ಓಟು ಹಾಕಿ ಬರೋವಾಗ ಅಂಗಡೀಗೆ ಹೋಗ್ತೀರಲ್ಲ, ಅಲ್ಲಿ ಏನು ಕೇಳ್ತೀರಿ? ನನ್ನ ಸಂಬಳ ಇರೋದು ಅಲ್ಲಿ."

ಕೈ ಮುಗಿದು ಇಳಿದಳು. ಆಮೇಲೆ ಅಭ್ಯರ್ಥಿ ಎದ್ದು ತನ್ನ ಭಾಷಣ ಮಾಡಿದ. ಅದನ್ನೂ ನಾನೇ ಕೂಗಿದೆ. ಒಂದಕ್ಷರ ನೆನಪಿಲ್ಲ.

ಬಾಡಿಗೆ ಹೋಯಿತು. ಆ ಪಕ್ಷದವರು ಕರೆಯಲಿಲ್ಲ. ಇವಳು ನಮ್ಮ ಸಭೆಯಲ್ಲೂ ಹೀಗೇ ಮಾಡಿದರೆ ಎಂದು ಹೆದರಿ ಇನ್ನೊಂದು ಪಕ್ಷದವರೂ ಕರೆಯಲಿಲ್ಲ. ಆದರೆ ಆ ರಾತ್ರಿಯ ಊಟಕ್ಕೆ ಮನೆಯಲ್ಲಿ ಮಾತು ಮರಳಿತ್ತು. "ಹಂಗೆ ಎಲ್ಲರ ಮುಂದೆ ಮರ್ಯಾದೆ ತೆಗೀತಾರೇನೇ?" ಎಂದು ಅವನು ಗೊಣಗಿದ. "ಸೀಮೆಎಣ್ಣೆ ಹಾಕಿ ತಿಕ್ಕಿದ್ರೆ ಉಗುರಿನ ಬಣ್ಣ ಹೋಗ್ತದೆ, ಕೈ ಕೊಡ್ರಿ ಇಲ್ಲಿ" ಎಂದಳು ಅವಳು.

ಕೆಲವು ವಾರ ಫ್ಯಾಕ್ಟರಿಯ ಮಾರಾಟದ ಕಿಟಕಿಯ ಮುಂದೆ ಜನ ನಿಂತರು. ಸಹಿ ಕೂಡ ಬೇಗ ಆಗತೊಡಗಿತ್ತು. ಅಷ್ಟರಲ್ಲಿ ಮದುವೆಯ ಕಾಲ ಬಂತು, ಖರ್ಚು ಬಂತು, ಜನ ಮತ್ತೆ ಅಗ್ಗದ ಹೊರದೇಶದ ಮಾಲಿನ ಕಡೆಗೇ ಹೋದರು. ಆ ಅಭ್ಯರ್ಥಿ ಗೆದ್ದ. ಮಾತು ಪೂರ್ತಿ ತಪ್ಪಿದ ಎನ್ನಲಾಗದು, ಸರ್ಕಾರಿ ಶಾಲೆಗಳಿಗೆ ಹಾರ್ನು ಕೊಳ್ಳುವ ಒಂದು ಆರ್ಡರು ಕೊಡಿಸಿದ. ಅದು ಮುಗಿದ ಮೇಲೆ ಇನ್ನೊಂದು ಬರಲಿಲ್ಲ. ಗೇಟಿಗೆ ಬೀಗ ಬಿತ್ತು.

ಪಾಲಾಕ್ಷಮ್ಮ ತನ್ನ ಕತ್ತರಿ, ಚಿಮಟ, ಸುತ್ತುವ ಪುಟ್ಟ ಯಂತ್ರವನ್ನು ಫ್ಯಾಕ್ಟರಿಯ ಹರಾಜಿನಲ್ಲಿ ಕೊಂಡು, ಓಬಳೇಶನ ಅಂಗಡಿಯಲ್ಲೇ ಒಂದು ಮೇಜು ಹಾಕಿಕೊಂಡಳು. ಅಗ್ಗದ ಹಾರ್ನುಗಳ ಕಾಯಿಲು ಜೋರಾಗಿ ಕೂಗಿಸಿದರೆ ಸುಟ್ಟುಹೋಗುತ್ತದೆ. ಸುತ್ತಮುತ್ತಲ ಊರುಗಳ ಮೈಕಿನವರು ಸುಟ್ಟವನ್ನೆಲ್ಲ ಚೀಲದಲ್ಲಿ ತುಂಬಿ ಅವಳ ಬಳಿಗೆ ತರತೊಡಗಿದರು. ಅವಳು ಹಳೆಯ ತಂತಿ ಬಿಚ್ಚಿ ಹೊಸದು ಸುತ್ತುತ್ತಾಳೆ. ಸುತ್ತಿ ಮುಗಿದ ಮೇಲೆ ಮೈಕಿನ ಹತ್ತಿರ ಬಾಯಿ ತಂದು "ಕರಿಗುಂಟೆ" ಎನ್ನುತ್ತಾಳೆ. ಆ ಬಿಳಿಯವೂ "ಕರಿಗುಂಟೆ" ಎನ್ನುತ್ತವೆ. ಮೊದಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಈಗ ಆಗುವುದಿಲ್ಲ.

ನನ್ನ ಬಾಯಿ ಒಂದು ಕಡೆ ಸೀಳಿದೆ, ಅಯಸ್ಕಾಂತ ಸತ್ತಿದೆ. ಒಳಗಿನದನ್ನೆಲ್ಲ ಬಿಚ್ಚಿ ತೆಗೆದು, ಹಿತ್ತಲಿನಲ್ಲಿ ನನ್ನನ್ನು ಬೋರಲು ಹಾಕಿ ಕೋಳಿಮರಿ ಮುಚ್ಚಲು ಇಟ್ಟುಕೊಂಡಿದ್ದಾರೆ. ಕಿರುಚುತ್ತಾ ಒಂದನ್ನೊಂದು ತುಳಿಯುತ್ತಾ ಮರಿಗಳು ಒಳಗೆ ಒಂದು ಕ್ಷಣ ನಿಲ್ಲುವುದಿಲ್ಲ. ಅವುಗಳ ಚಿಂವ್‌ಗುಟ್ಟುವಿಕೆ ನನ್ನ ಗಂಟಲಿನ ತೂತಿನಿಂದ ತುಸು ಜೋರಾಗಿಯೇ ಹೊರಬರುತ್ತದೆ. ಇಷ್ಟು ವರ್ಷ ಯಾರು ಯಾರದೋ ಮಾತು ಕೂಗಿದೆ. ಊರು ಕೈ ಎತ್ತಿದ್ದನ್ನೂ ನೋಡಿದೆ, ಇಳಿಸಿದ್ದನ್ನೂ ನೋಡಿದೆ.

ಕಳೆದದ್ದು ಒಂದು ಫ್ಯಾಕ್ಟರಿ, ಪಾಲಾಕ್ಷಮ್ಮನ ಸಂಬಳ, ಒಂದು ಚುನಾವಣೆಯ ಬಾಡಿಗೆ. ಉಳಿದದ್ದು ಒಂದು ಮೇಜು, ಅವಳ ಕೈಕೆಲಸ, ಮತ್ತು ಅವಳ ಮಾತಿಗೆ ಅಡ್ಡ ಬರದ ಒಬ್ಬ ಗಂಡ.