ಕುಮಾರಯ್ಯನ ಮೀನು

ಮೋಟರಿನ ಸದ್ದು ಒಮ್ಮೆ ಎಳೆದು ಮತ್ತೆ ಸರಿಹೋಯಿತು, ಕರೆಂಟು ಇಳಿದಿರಬೇಕು, ಗೋಣಿಬೀಡಿನ ಕಡೆ ಗುಡುಗುತ್ತಿದೆ, ಇಳಿದರೆ ಇಳಿಯಲಿ, ಇವತ್ತು ಮಂಜಯ್ಯ ಅದರ ಚಾಕರಿಗೆ ಎದ್ದು ಓಡುವವನಲ್ಲ — ಆದರೂ ಕಿವಿ ನೆಟ್ಟಗಾಗಿಬಿಟ್ಟಿತಲ್ಲ, ದರಿದ್ರ ಕಿವಿ, ಒಮಾನಿನ ಮರಳುಗಾಡಿನಲ್ಲಿ ವರ್ಷಗಟ್ಟಲೆ ಈ ಸದ್ದು ಕೇಳುತ್ತಲೇ ಮಲಗಿ, ಇದು ನಿಂತರೆ ಬೆಚ್ಚಿ ಎದ್ದ ಕಿವಿ. ಅಲ್ಲಿ ಮೋಟರು ನಿಂತರೆ ಮುಗಿಯಿತು, ತೊಟ್ಟಿಯ ನೀರು ಸ್ನಾನದ ಹಂಡೆಯ ಹಾಗೆ ಕಾದು ಮೀನುಗಳೆಲ್ಲ ಮಗುಚಿಕೊಳ್ಳುತ್ತಿದ್ದವು. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಉದ್ದನೆಯ ಮಡಿ, ಮೀನಿನ ಹೊಲಸು ನೀರು ಮೋಟರಿನಿಂದ ಏರಿ ಜಲ್ಲಿಗೆ ಬಿದ್ದು, ಹರಿವೆ ಮೆಂತ್ಯದ ಬೇರು ಅದನ್ನು ಉಂಡು, ತಿಳಿಯಾದ ನೀರು ಮತ್ತೆ ತೊಟ್ಟಿಗೆ ಇಳಿಯಬೇಕು, ಮಣ್ಣೇ ಇಲ್ಲದ ಬೇಸಾಯ. ಕುಮಾರಯ್ಯ ಅಲ್ಲಿ ಪೈಪ್ ಕಂಪನಿಯ ಮ್ಯಾನೇಜರು, ಬಂಗಲೆಯ ಹಿತ್ತಲಲ್ಲಿ ಒಂದು ಗರಿಕೆ ಹುಲ್ಲೂ ಏಳದು, ಕಾಫಿ ಸಾಹುಕಾರರ ಮಗನಿಗೆ ಹಸಿರು ಕಾಣದೆ ಊಟ ಸೇರುವುದಿಲ್ಲವಂತೆ, ಅದಕ್ಕೆ ಅಪ್ಪನ ಎಸ್ಟೇಟಿನ ಲೈನ್ ಮನೆಯಿಂದ ಒಬ್ಬ ಆಳು ಬೇಕು, ಬಾರೋ ಮಂಜಯ್ಯ, ವಿಮಾನ ಹತ್ತಿಸ್ತೀನಿ. ಹತ್ತಿಸಿದ. ಇಳಿದ ದಿನವೇ ಪಾಸ್‌ಪೋರ್ಟು ಈಸಿಕೊಂಡು, ಭದ್ರವಾಗಿರ್ಲಿ ಮಾರಾಯ, ಎಲ್ಲಾದ್ರೂ ಕಳ್ಕೊಂಡೀಯ ಅಂತ ಹೆಂಡತಿ ರೂಪಶ್ರೀಯ ಸೀರೆಗಳ ಅಡಿಗೆ ಸೇರಿಸಿ ಬೀರುವಿಗೆ ಬೀಗ ಜಡಿದ.

ಬಕೆಟ್ಟು ಕಾಲ ಬುಡದಲ್ಲೇ ಇದೆ, ಪ್ಲಾಸ್ಟಿಕ್ಕಿನದು, ಒಳಗೆ ಮೈಲುತುತ್ತ ಕರಗಿದ ನೀಲಿ ನೀರು, ನೋಡಲು ಎಷ್ಟು ಚೆಂದ, ಬೆರಳ ತುದಿಯೂ ನೀಲಿಯಾಗಿದೆ. ಮಳೆ ಹಿಡಿಯುವ ಮೊದಲು ತೋಟಕ್ಕೆಲ್ಲ ತುತ್ತ ಸುಣ್ಣದ ಬೋರ್ಡೋ ಔಷಧಿ ಹೊಡೆಯುವ ಗಡಿಬಿಡಿ, ಡ್ರಮ್ಮಿನ ಹತ್ತಿರ ಮೇಸ್ತ್ರಿ ಗಿಡ್ಡಪ್ಪ ಕೇಳಿಯೇ ಕೇಳಿದ, ಎಂತಕ್ಕೋ ಅದು, ಇನ್ನೂ ಸುಣ್ಣ ಬೆರೆಸಿಲ್ಲ ಮಾರಾಯ. ಬೇಕಾದ್ದು ಅದೇ, ಸುಣ್ಣ ಕೂಡಿದರೆ ತುತ್ತದ ಉರಿ ಸಾಯುತ್ತದೆ, ಬರಿಯ ತುತ್ತವೇ ಬೇಕು, ಮನೆ ಹಿಂದಿನ ಮೆಣಸಿನ ಬಳ್ಳಿಗೆ, ಸುಣ್ಣ ಮನೇಲೇ ಇದೆ ಅಂತ ಹೇಳಿ ತಂದ. ಸ್ಪ್ರೇ ಗಾಳಿಗೆ ಹಾರಿ ತೊಟ್ಟಿಗೆ ಬಿತ್ತು ಅನ್ನುತ್ತಾರೆ, ಗಿಡ್ಡಪ್ಪನಿಗೆ ಬೈಗುಳ ಬೀಳುತ್ತದೆ, ಬೀಳಲಿ. ನಾಳೆ ಕುಮಾರಯ್ಯನ ಹೋಮ್‌ಸ್ಟೇ ಶುರು, ದೇವರಮನೆ ಬೆಟ್ಟ ನೋಡಲು ಬರುವವರೆಲ್ಲ ಇಲ್ಲೇ ಇಳಿಯಬೇಕಂತೆ, ಮೂಡಿಗೆರೆಯ ಪ್ಲಾಂಟರುಗಳೆಲ್ಲ ಬರುತ್ತಾರೆ, ಅವರ ಮುಂದೆ ಇವನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ, ಮರಳುಗಾಡಲ್ಲೇ ಬೆಳ್ಸಿದೀನಿ ಸ್ವಾಮಿ, ಇಲ್ಲಿ ಎಂತ ಮಹಾ, ಇವು ನನ್ನ ಮಕ್ಕಳಿದ್ದ ಹಾಗೆ. ನಿಲ್ಲಲಿ. ಹೊಟ್ಟೆ ಮೇಲೆ ಮಾಡಿ ತೇಲುವ ಮಕ್ಕಳನ್ನು ತೋರಿಸಲಿ. ಅವನು ಊರಿಗೆ ಬಂದು ಇಲ್ಲೂ ಅಂಥದೇ ತೊಟ್ಟಿ ಕಟ್ಟಿಸಿ, ನೀನಿಲ್ದೆ ಇದು ಆಗಲ್ಲ ಮಂಜಯ್ಯ ಅಂದಾಗ ಬಾಯಿತುಂಬ ನಕ್ಕು ಬರ್ತೀನಿ ಅಯ್ಯಾ ಅಂದದ್ದು ಇದಕ್ಕೇ, ಎದುರಿಗೆ ನೀವು ತಾವು, ಒಳಗೆ ಬರೀ ಅವನು, ಜಿಲೇಬಿ ಮೀನುಗಳನ್ನು ಬೊಗಸೆ ಬೊಗಸೆ ತವುಡು ಹಿಂಡಿ ಹಾಕಿ ಕೊಬ್ಬಿಸಿದ್ದೂ ಇದಕ್ಕೇ. ನನ್ನ ಹೊಟ್ಟೆ ಉರಿದ ಹಾಗೆ ಅವನದೂ ಉರಿಯಬೇಕು.

ಅಲ್ಲಿ ಬಿಸಿಲು ಅಂದರೆ ಬಿಸಿಲಲ್ಲ ಅದು, ಬೆಳಿಗ್ಗೆಯೇ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು, ತೊಟ್ಟಿಯ ಮೇಲೆ ಹಸಿರು ಬಲೆ, ಬಲೆಯ ಮೇಲೆ ಒದ್ದೆ ಗೋಣಿ, ಗೋಣಿ ಒಣಗಿದಂತೆಲ್ಲ ನೀರು ಹನಿಸುತ್ತಾ ಇರಬೇಕು, ಮಧ್ಯಾಹ್ನ ಐಸಿನ ಗಡ್ಡೆ ಹೊತ್ತು ತಂದು ಬಿಡಬೇಕು — ಆವತ್ತೂ ಹೆಗಲ ಮೇಲೆ ಐಸಿತ್ತು, ಒಳಗಿಂದ ಫೋನಿಗೆ ಕರೆದರು, ಅಕ್ಕ ದೇವೀರಮ್ಮ, ಮೂಡಿಗೆರೆಯ ಎಸ್ಟಿಡಿ ಬೂತಿನಿಂದ, ಅವ್ವಂಗೆ ಕಾಯಿಲೆ ಜೋರಾಗೈತೆ ಕಣೋ, ನಿನ್ನೇ ಕೇಳ್ತಾಳೆ, ಹೊರಡು. ಅಯ್ಯಾ, ಪಾಸ್‌ಪೋರ್ಟು ಕೊಡಿ, ಹೋಗಿ ಮುಖ ನೋಡ್ಕೊಂಡು ಬಂದ್ಬಿಡ್ತೀನಿ. ಕುಮಾರಯ್ಯ ಮೆಂತ್ಯದ ಎಲೆ ಚಿವುಟಿ ಮೂಸುತ್ತಿದ್ದ, ಮೂಸುತ್ತಲೇ ಹೇಳಿದ, ಈ ಬಿಸಿಲಲ್ಲಿ ನೀನು ಹೋದ್ರೆ ಮೀನು ಯಾರು ನೋಡ್ತಾರೆ ಮಾರಾಯ, ಒಂದು ದಿನ ತಪ್ಪಿದ್ರೆ ಒಂದೂ ಉಳಿಯಲ್ಲ, ಸ್ವಲ್ಪ ತಡಿ, ಸೆಖೆ ಇಳೀಲಿ, ನಿಮ್ಮವ್ವ ಗಟ್ಟಿ ಹೆಂಗ್ಸು, ಎಂತ ಆಗಲ್ಲ. ಮಂಜಯ್ಯ ಕಾಲು ಹಿಡಿದ, ಹೌದು, ಹಿಡಿದ, ಆ ಕಾಲು ಹಿಡಿದದ್ದು ನೆನೆದರೆ ಈಗಲೂ ಮೈಯೆಲ್ಲ ಬೆಂಕಿ. ಎದ್ದೇಳು, ಐಸು ಕರಗ್ತಾ ಐತೆ ನೋಡು ಅಂದ. ಎದ್ದು ಹೋಗಿ ಐಸು ಬಿಟ್ಟ, ಗೋಣಿಗೆ ನೀರು ಹನಿಸಿದ, ಇದೇ ಕೈಯಿಂದ. ಅವ್ವ ಹುಚ್ಚಮ್ಮ ಹೋದದ್ದು ಆ ಸಂಜೆಯೇ, ಸುದ್ದಿ ಬಂದದ್ದೂ ಕುಮಾರಯ್ಯನ ಫೋನಿಗೇ. ಮರುವರ್ಷ ಊರಿಗೆ ಬಂದಾಗ ಅಕ್ಕ ಒಲೆಯ ಮುಂದೆ ಕೂತು, ಇವನ ಮುಖ ನೋಡದೆ ಹೇಳಿದಳು, ಎಲ್ಲಾರೂ ಬಾಯಿಗೆ ನೀರು ಬಿಟ್ವಿ ಕಣೋ, ತುಳಸಿ ಹಾಕಿ ಬಿಟ್ವಿ, ಒಂದು ಹನೀನೂ ಒಳಗೆ ಇಳೀಲಿಲ್ಲ, ಕಟಬಾಯಿಂದ ಹರ್ದು ಹೋಯ್ತು, ಮತ್ತೆ ಬಾಯಿ ತೆರೆಯೋಳು, ಮುಚ್ಚೋಳು, ತೆರೆಯೋಳು, ಮಗನ ಕೈ ನೀರು ಬೇಕಾಗಿತ್ತೋ ಏನೋ. ಅಷ್ಟು ಹೇಳಿ ಅಕ್ಕ ಸೌದೆ ಒಟ್ಟಿದಳು.

ಇವತ್ತು ಬೆಳಿಗ್ಗೆ ಮನಸ್ಸು ಸ್ವಲ್ಪ ಹಿಂಜರಿದಿತ್ತು, ಸುಳ್ಳು ಯಾಕೆ, ಬಾಯಿಲ್ಲದ ಜೀವದ್ದು ಎಂತ ತಪ್ಪು ಅನ್ನಿಸಿ ಬಕೆಟ್ಟನ್ನು ಸೌದೆ ಕೊಟ್ಟಿಗೆಯಲ್ಲೇ ಬಿಟ್ಟಿದ್ದ. ಅಷ್ಟರಲ್ಲಿ ಕುಮಾರಯ್ಯನೇ ಬಂದು ಹೆಗಲ ಮೇಲೆ ಕೈ ಹಾಕಿದ, ನಾಳೆ ನೀನೇ ಎಲ್ರಿಗೂ ತೋರಿಸ್ಬೇಕು, ಹೊಸ ಪಂಚೆ ಉಡು, ಹಾಂ, ಊಟಕ್ಕೆ ನಿಮ್ಮವ್ವನ್ನೂ ಕರ್ಕೊಂಬಾ, ಗಟ್ಟಿ ಹೆಂಗ್ಸು, ನೋಡ್ದೆ ಎಷ್ಟು ಕಾಲ ಆಯ್ತು. ಮರೆತಿದ್ದಾನೆ. ಕಳಿಸದೆ ಇದ್ದದ್ದು ಹೋಗಲಿ, ಅವ್ವ ಸತ್ತದ್ದೇ ಅವನ ತಲೆಯಲ್ಲಿಲ್ಲ, ಮೀನು ಒಂದೊಂದರ ತೂಕ ನೆನಪಿದೆ, ಯಾವುದಕ್ಕೆ ಬಾಲ ಹರಿದಿದೆ ನೆನಪಿದೆ, ತೋಟದಲ್ಲಿ ಬೆನ್ನು ಬಗ್ಗಿಸಿ ಅವನ ಅಪ್ಪನ ಕಾಫಿ ಹಣ್ಣು ಕೊಯ್ದು ಕೊಯ್ದು ಸತ್ತ ಹೆಂಗಸು ನೆನಪಿಲ್ಲ. ಆಗಲಿ ಅಯ್ಯಾ ಅಂದ, ಬೇರೆ ಎಂತ ಅನ್ನುವುದು, ಸೀದಾ ಕೊಟ್ಟಿಗೆಗೆ ಹೋಗಿ ಬಕೆಟ್ಟು ಎತ್ತಿಕೊಂಡು ಬಂದ.

ಸುರಿಯಲು ಎಷ್ಟು ಹೊತ್ತು, ಬಕೆಟ್ಟು ಬಗ್ಗಿತು ಅಷ್ಟೆ. ನೀಲಿ ಮೋಡದ ಹಾಗೆ ಹರಡಿ, ತೆಳುವಾಗಿ, ಎಲ್ಲಿ ಹೋಯಿತೋ ಕಾಣದಾಯಿತು, ಸ್ವಲ್ಪ ಹೊತ್ತು ಏನೂ ಇಲ್ಲ, ಮೋಟರು ತನ್ನ ಪಾಡಿಗೆ ಓಡುತ್ತಿದೆ, ಜಲ್ಲಿಯಿಂದ ನೀರು ಇಳಿಯುತ್ತಿದೆ, ತಗೋ ಕುಮಾರಯ್ಯ, ನಿನ್ನ ಮಕ್ಕಳ ಬಾಯಿಗೆ ನನ್ನ ಕೈ ನೀರು — ಅಂದುಕೊಂಡದ್ದೇ ತಪ್ಪಾಯಿತು. ಒಂದು ಮೇಲೆ ಬಂತು. ಇನ್ನೊಂದು ಬಂತು. ತವುಡು ತಂದ ಎಂದುಕೊಂಡು ಬಂದವೋ, ಉರಿ ತಾಳದೆ ಬಂದವೋ, ಇವನ ನೆರಳಿದ್ದ ಕಡೆಗೇ ಎಲ್ಲ ಬಂದು ಬಾಯಿ ತೆರೆದವು, ಮುಚ್ಚಿದವು. ನೋಡಬಾರದು, ಹೊರಟುಬಿಡಬೇಕು, ಬಕೆಟ್ಟು ತೊಳೆಯಬೇಕು, ಒಳಗಿಂದ ಕುಮಾರಯ್ಯ ಕೂಗುತ್ತಿದ್ದಾನೆ, ಮಂಜಯ್ಯಾ, ಕಾಫಿ ಕುಡೀ ಬಾರೋ. ಗೆದ್ದೆ ಅನ್ನಿಸಬೇಕಿತ್ತು, ಇಷ್ಟು ವರ್ಷ ಕಾದದ್ದು ಈ ಗಳಿಗೆಗೇ ಅಲ್ಲವೇ, ಎಲ್ಲಿ ಹೋಯಿತು ಅದು — ಮಂಡಿಯೂರಿದ್ದಾನೆ, ಯಾವಾಗ ಊರಿದನೋ, ಪಕ್ಕದ ಕೊಡದ ಒಳ್ಳೆಯ ನೀರನ್ನು ಅಂಗೈಯಲ್ಲಿ ತೆಗೆದು ಒಂದು ಬಾಯಿಗೆ ಹನಿ ಹನಿಯಾಗಿ ಬಿಡುತ್ತಿದ್ದಾನೆ, ಕುಡಿಯೇ, ನಾನೇ ಕಣೇ, ಬಂದಿದೀನಿ, ಕುಡಿಯೇ ಅವ್ವಾ, ನೀರು ಕಟಬಾಯಿಯಿಂದ ಹರಿದು ಹೋಯಿತು, ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು,