ಡಾಕ್ಟರಿಗೆ ತೋರಿಸದ ಪಾದ

ಒಂದಾನೊಂದು ಊರಲ್ಲಿ ಒಬ್ಬ ವೈದ್ಯನಿದ್ದನಂತೆ, ಒಂದು ಕೈಲಿ ನರ ಮೀಟುತ್ತಿದ್ದನಂತೆ, ಇನ್ನೊಂದು ಕೈಲಿ ಮೂಳೆ ಕೊಯ್ಯುತ್ತಿದ್ದನಂತೆ — ಹೀಗೇ ಶುರುವಾಗಬೇಕಲ್ಲ ಇದು, ಅಂದುಕೊಂಡಳು ಭೂಮಿಕಾ, ಶಿರಸಿಯ ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿ ಸುಬ್ಬಿಯ ಪಕ್ಕ ಕೂತು, ಮುಚ್ಚಿದ ಬಾಗಿಲಿನ ಕೆಳಸಂದಿಯಲ್ಲಿ ಡಾಕ್ಟರ ಬೂಟು ಆಚೆ ಈಚೆ ಹೋಗುವುದನ್ನೇ ನೋಡುತ್ತ, ಅಜ್ಜಿಯ ಕಥೆಗಳಲ್ಲಿ ಎರಡು ವಿದ್ಯೆ ಬಲ್ಲವನು ಯಾವತ್ತೂ ಒಂದರಿಂದ ಮಾಡಿದ್ದನ್ನು ಇನ್ನೊಂದರಿಂದ ಮುಚ್ಚುತ್ತಾನೆ, ಹುಬ್ಬಳ್ಳಿಯಿಂದ ಬರುವ ಇವರೂ ಹಾಗೇ ಇರಬೇಕು, ಇಲ್ಲದಿದ್ದರೆ ಮಂಡಿ ಬದಲಿಸುವವರಿಗೆ ನರದ ಉಸಾಬರಿ ಎಂತಕ್ಕೆ, ಮೊಬೈಲಿನಲ್ಲಿ ಹೆಸರು ಹಾಕಿದರೆ ನರದ ಮೇಲೆ ಇವರೇ ಬರೆದ ಸಾಲುಸಾಲು ಲೇಖನ, ಒಂದರ ತಲೆಬರಹವನ್ನು ತಡವರಿಸುತ್ತ ಬಿಡಿಸಿದ್ದಳಲ್ಲ, ಮಂಡಿಕೀಲು ಬದಲಿಸಿದ ನಂತರ ಪಾದ ಜೋತುಬೀಳುವುದು — ಅಂದರೆ ಗೊತ್ತಿತ್ತು, ಗೊತ್ತಿದ್ದೇ ಕೊಯ್ದರು, ಪಕ್ಕದಲ್ಲಿ ಅಜ್ಜಿಯ ಎಡಗಾಲಿನ ಹೆಬ್ಬೆರಳು ಸೀರೆಯಂಚಿನ ಹೊರಗೆ, ತೊಟ್ಟು ಸಡಿಲಿದ ಎಲೆಯ ಹಾಗೆ ನೆಲಕ್ಕೆ ಬಾಗಿ, ಇವರ ಕೈಯಲ್ಲೇ ಎಡಮಂಡಿ ಬದಲಿಸಿಕೊಂಡು ಮನೆಗೆ ಬಂದ ಮೇಲೆ ಆ ಕಾಲಿನ ಚಪ್ಪಲಿ ಜಾರಿ ದಾರಿಯಲ್ಲೇ ಉಳಿದರೂ ಅಜ್ಜಿಗೆ ತಿಳಿಯುತ್ತಿರಲಿಲ್ಲ, ಈಗ ಬಲಮಂಡಿಗೆ ಕರೆದಿದ್ದಾರೆ, ಇನ್ನೊಂದು ಕಾಲನ್ನೂ ಅವ್ನ ಕೈಗೆ ಕೊಡ್ತೀಯನೇ ಅವ್ವಾ, ಚಿಕ್ಕಪ್ಪ ಶಾಂತಾರಾಮ ಬೆಳಿಗ್ಗೆ ಗದರಿದ್ದ, ನಿನ್ನ ಕಾಲಲ್ಲವಲ್ಲ, ಸುಮ್ನಿರೋ, ಅಂದಿದ್ದಳು ಅಜ್ಜಿ, ಆಗ ಭೂಮಿಕಾ ಮಾತು ಕೊಟ್ಟಳು, ನಾ ಕೇಳ್ತೆ ಚಿಕ್ಕಪ್ಪ, ಇದು ನಿಮ್ಮ ಕತ್ತಿಯಿಂದ ಆದದ್ದೋ ಅಂತ ಡಾಕ್ಟರ ಮುಖ ನೋಡೇ ಕೇಳ್ತೆ, ನೀನಾ, ಅವನು ನಕ್ಕ, ಬಸ್ಸಲ್ಲಿ ಚಿಲ್ಲರೆ ವಾಪಸ್ ಕೇಳೋಕೆ ನಡುಗೋಳು!

ಆದರೆ ಅದೇ ಲೇಖನದ ಇನ್ನೊಂದು ಸಾಲು ಮುಳ್ಳಿನ ಹಾಗೆ ಚುಚ್ಚುತ್ತಿದೆ, ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂರುವವರಿಗೆ ಮಂಡಿಯ ಹೊರಬದಿಯ ನರ ಮೊದಲೇ ಸೋತಿರಬಹುದು, ಶಸ್ತ್ರಕ್ರಿಯೆಗೆ ಮುಂಚೆ ಪಾದ ಎತ್ತಿಸಿ ನೋಡಲೇಬೇಕು — ಕುಕ್ಕರಗಾಲು, ಹೇರೂರಿನ ಮದುವೆಮನೆ, ಮದುಮಕ್ಕಳು ಕೂರುವ ಹಸೆಯ ಹಿಂದಿನ ಹಸೆಗೋಡೆ, ಬಳಿದ ಕೆಮ್ಮಣ್ಣಿನ ಮೇಲೆ ಅಜ್ಜಿ ಪುಂಡಿನಾರಿನ ಕುಂಚದಿಂದ ಚಿತ್ತಾರದ ಕೆಳಗೆರೆ ಎಳೆಯುತ್ತಿದ್ದಾಳೆ, ಬೆಳಗಿಂದ ಹಾಗೇ ಕೂತಿದ್ದಾಳೆ, ಎದ್ದು ನಡೆದರೆ ಎಡಪಾದ ನೆಲಕ್ಕೆ ಪಟ್ ಪಟ್ ಬಡಿಯುತ್ತದೆ, ಮದುಮಗಳ ಅತ್ತೆ ದುರ್ಗಿ ಕೂಗುತ್ತಾಳೆ, ಸುಬ್ಬಕ್ಕ ತಾಳ ಹಾಕ್ತಾಳೆ ಕಾಣ್ರೇ, ಎಲ್ಲರೂ ನಕ್ಕರು, ಭೂಮಿಕಾಳೂ ನಕ್ಕಳು, ಅದು ಯಾವಾಗ, ಆಪರೇಶನ್ ಆದ ಮೇಲಾ, ಅಲ್ಲ, ಆದ ಮೇಲೆ ಅಜ್ಜಿ ಕುಕ್ಕರಗಾಲಲ್ಲಿ ಕೂತದ್ದೇ ಇಲ್ಲವಲ್ಲ. ಹಾಗಾದರೆ ಇಷ್ಟು ದಿನ ಯಾರನ್ನು ಅನುಮಾನಿಸಿದ್ದು, ಯಾರನ್ನು ಬಿಟ್ಟದ್ದು, ಅಜ್ಜೀ, ಪಾದ ಮೊದಲೇ ಹೀಗಿತ್ತಾ, ಅಜ್ಜಿ ಬಾಗಿಲಿಂದ ಕಣ್ಣು ತೆಗೆಯಲಿಲ್ಲ, ಜೋಮು ಹಿಡೀತಿತ್ತಪ್ಪ, ಅದೆಲ್ಲ ಹೇಳ್ತಾ ಕೂತ್ರೆ ಅವ್ರು ಮಂಡಿ ಮಾಡ್ತಿದ್ರಾ, ಮತ್ತೆ ಅವರು ನೋಡಲಿಲ್ವಾ — ಇಲ್ಲ, ನೋಡಲಿಲ್ಲ, ಎಡಮಂಡಿ ಕೊಯ್ಯುವ ಮುಂಚೆ ತೋರಿಸಲು ಬಂದಾಗ ಭೂಮಿಕಾ ಅಲ್ಲೇ ಇದ್ದಳಲ್ಲ, ಪಾದ ಮೇಲಕ್ಕೆ ಎತ್ತಿ ಅಮ್ಮಾ ಅಂದಿದ್ದರು ಡಾಕ್ಟರು, ಅಜ್ಜಿ ತಟ್ಟನೆ ಎರಡೂ ಪಾದ ಸೀರೆಯೊಳಗೆ ಎಳೆದುಕೊಂಡಳು, ಶಿವನೇ, ದೇವರಂಥವರ ಮುಖಕ್ಕೆ ಪಾದ ತೋರ್ಸದಾ, ಡಾಕ್ಟರು ನಕ್ಕರು, ಆಯ್ತು ಬಿಡಿ ಅಂದರು, ಸಂಕೋಚಕ್ಕೋ, ಹೊರಗೆ ಕಾದ ಜನರ ಗಡಿಬಿಡಿಗೋ, ನೋಡಲೇಬೇಕು ಎಂದು ಬರೆದ ಕೈಯೇ ಬಿಟ್ಟುಬಿಟ್ಟಿತು, ಇಲ್ಲ, ಬರೀ ಅಷ್ಟಕ್ಕೇ ಬಿಟ್ಟರೆಂದು ನಂಬಬಹುದೋ ಇಲ್ಲವೋ, ಸುಬ್ಬಿ ಯಾರ್ರಿ, ಒಳಗ ಬರ್ರಿ, ನರ್ಸ್ ಕೂಗಿದಳು.

ಒಳಗೆ ಡಾಕ್ಟರು ಬಲಮಂಡಿಯ ಎಕ್ಸ್‌ರೇ ಬೆಳಕಿಗೆ ಹಿಡಿದಿದ್ದಾರೆ, ಇದನ್ನ ಯಾವಾಗ ಮಾಡೋಣ ಅಮ್ಮಾ, ಕುರ್ಚಿಯಲ್ಲಿ ಕೂತ ಅಜ್ಜಿಯ ಪಾದಗಳು ಆಗಲೇ ಸೀರೆಯೊಳಗೆ, ಭೂಮಿಕಾಳದು ಚಿಲ್ಲರೆ ಕೇಳಲಾರದ ಬಾಯಿ, ಅವಳು ನೆಲಕ್ಕೆ ಕೂತಳು, ಸೀರೆಯಂಚು ಸರಿಸಿದಳು, ಹೇ ಹುಡುಗಿ, ಬಿಡೇ, ನಾಚಿಕೆ ಇಲ್ವನೇ, ಬಿಡಲಿಲ್ಲ, ಎರಡೂ ಹಿಮ್ಮಡಿ ಹಿಡಿದು ಡಾಕ್ಟರ ಮುಖಕ್ಕೆ ನೇರ ಚಾಚಿದಳು, ಸರ್, ಇದು ನಿಮ್ಮ ಕತ್ತಿಯಿಂದ ಆದದ್ದೋ, ಹಸೆಗೋಡೆಯ ಮುಂದೆ ಕೂತು ಆದದ್ದೋ, ಮೊದಲೇ ಬಡೀತಿತ್ತು, ನಾವು ಹೇಳಲಿಲ್ಲ, ನೀವು ನೋಡಲಿಲ್ಲ — ಹೇಳಿಬಿಟ್ಟಳು, ಎಕ್ಸ್‌ರೇ ಕೆಳಗಿಳಿಯಿತು, ಬೂಟು ಹತ್ತಿರ ಬಂತು, ಎಡಮಂಡಿಯ ಹೊರಬದಿಯಲ್ಲಿ ಬೆರಳೊತ್ತಿದರು, ಬಲಗಾಲು ಈಗ ಬೇಡ ಅಂದರು, ಮೆಲ್ಲಗೆ, ಮೊದಲು ಇದನ್ನ ನೋಡಬೇಕಿತ್ತು, ಎತ್ತಿ ಅಮ್ಮಾ, ಅಜ್ಜಿ ಕಣ್ಣು ಮುಚ್ಚಿ ಎತ್ತಿದಳು, ಬಲಪಾದದ ಐದೂ ಬೆರಳು ಎದ್ದವು, ಎಡದ ಹೆಬ್ಬೆರಳು ನೆಲಕ್ಕೆ ಬಾಗಿ, ಬಾಗಿಯೇ