ನೀರು ಕಾಣದ ಬ್ಯಾಟರಿ

ನಲವತ್ತು ವರ್ಷ ಪರರ ದೋಣಿ ರಿಪೇರಿ ಮಾಡಿ ಕೈ ಸವೆಸಿದ ಮೆಕ್ಯಾನಿಕ್‌ನನ್ನು ದೊಡ್ಡ ಕೆರೆಯ ದಡದಲ್ಲಿ ಎಲ್ಲರೂ ನಟ್ಟಣ್ಣ ಎನ್ನುತ್ತಿದ್ದರು. ಎಲ್ಲಾದರೂ ಸಡಿಲವಾದ ನಟ್ಟು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ತನ್ನದೇ ಸಣ್ಣ ದೋಣಿ ಮಾಡಿಕೊಂಡು, ಹೆಂಡತಿಯ ತಮ್ಮನ ಜೊತೆ ವಾರಕ್ಕೊಮ್ಮೆ ಅದೇ ಕೆರೆಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದ.

ದೋಣಿಯ ಮೋಟಾರು ಓಡುತ್ತಿದ್ದುದು ಮೂವತ್ತು ಕಿಲೋ ತೂಕದ ಬ್ಯಾಟರಿಯಿಂದ. ಚಾರ್ಜಿಗೇನೋ ದಡದಿಂದ ವೈರು ಎಳೆದರೆ ಸಾಕಿತ್ತು. ಆದರೆ ತಿಂಗಳಿಗೊಮ್ಮೆ ಅದನ್ನು ಸೀಟಿನ ಕೆಳಗಿನಿಂದ ಎತ್ತಿ, ಮುಚ್ಚಳ ಬಿಚ್ಚಿ ನೀರು ಹಾಕಬೇಕು; ಒಳಗೆ ಬತ್ತಿದರೆ ಬ್ಯಾಟರಿ ಕೆಟ್ಟಂತೆಯೇ. ಅರವತ್ತೊಂಬತ್ತು ತುಂಬಿದ ವರ್ಷ ಅವನ ಸೊಂಟ ಕೈಕೊಟ್ಟಿತು. ಬ್ಯಾಟರಿಯನ್ನು ನಾಲ್ಕು ಬೆರಳಿನಷ್ಟು ಮೇಲೆತ್ತುವುದರೊಳಗೆ ಬೆನ್ನು ಚಳಕ್ ಎಂದಿತು. ಅದನ್ನು ಒಳಗೆ ತಳ್ಳಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಮುಂದಿನ ತಿಂಗಳು ನೋಡೋಣ ಎಂದುಕೊಂಡ. ಹೀಗೇ ಐದು ತಿಂಗಳು ಹೋದವು.

ಬ್ಯಾಟರಿ ಅಂಗಡಿಯಾಕೆ ಹಿಂದೊಮ್ಮೆ ಹೇಳಿದ್ದಳು: "ಲಿಥಿಯಂ ತಗೊಳ್ಳಿ ದೊಡ್ಡಪ್ಪ. ಹನ್ನೆರಡೇ ಕಿಲೋ, ನೀರೂ ಬೇಡ. ವಯಸ್ಸಾದೋರಿಗೆ ಅನುಕೂಲ."

"ವಯಸ್ಸಾದೋರು ಬಂದಾಗ ಹೇಳಮ್ಮ," ಎಂದು ನಕ್ಕು ಬಂದಿದ್ದ.

ಒಂದು ದಿನ ಕೆರೆಯ ನಟ್ಟನಡುವೆ ಮೋಟಾರು ನಿಂತಿತು. ಎದುರುಗಾಳಿ ಬೇರೆ. ಭಾವಮೈದ ಎರಡು ಗಂಟೆ ಹುಟ್ಟು ಹಾಕಿ ದಡ ಮುಟ್ಟಿಸುವಷ್ಟರಲ್ಲಿ ಅಂಗೈಯೆಲ್ಲ ಬೊಬ್ಬೆ.

"ಏನಾಯ್ತು ಭಾವ?"

"ಆ ಬ್ಯಾಟರಿ ಅಂಗಡಿಯವಳು ಕಳಪೆ ಮಾಲು ತಲೆಗೆ ಕಟ್ಟಿದಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವಮೈದ ಅದೇ ಬೊಬ್ಬೆಗೈಯಲ್ಲಿ ಬ್ಯಾಟರಿ ಹೊತ್ತು ಅಂಗಡಿಯ ಮೇಜಿನ ಮೇಲೆ ಕುಕ್ಕಿದ. ನಾಲ್ಕು ಗಿರಾಕಿಗಳ ಎದುರಿಗೆ ನಟ್ಟಣ್ಣ ಬಾಯಿಗೆ ಬಂದಂತೆ ಬೈದ. ಆಕೆ ಒಂದು ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟಳು. ಇನ್ನೊಂದು ಬಿಚ್ಚಿದಳು. ಒಳಗೆಲ್ಲ ಬತ್ತಿ ಒಣಗಿತ್ತು. ಆಕೆ ಒಮ್ಮೆ ಅವನ ಮುಖ ನೋಡಿ, ಮುಚ್ಚಳ ಹಾಕಿದಳು.

"ಒಂದೊಂದು ಹೀಗಾಗುತ್ತೆ ದೊಡ್ಡಪ್ಪ. ದುಡ್ಡು ಬೇಡ, ಬೇರೆ ಕೊಡ್ತೀನಿ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ಆದರೂ ಹೊಸ ಬ್ಯಾಟರಿ ತೆಗೆದುಕೊಂಡೇ ಬಂದ.

ಹತ್ತು ದಿನ ಕಳೆಯಿತು. ದಡದಲ್ಲಿ ನಟ್ಟಣ್ಣನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ. ಆಗಲೇ ಇಬ್ಬರು ಬೇರೆ ಅಂಗಡಿ ಹುಡುಕಿಕೊಂಡಿದ್ದರು. "ಅವಳ ಮಾಲು ಕಳಪೆ ಅಂತ ಎಲ್ಲರಿಗೂ ಹೇಳಿದೀನಿ ಭಾವ," ಎಂದು ಭಾವಮೈದ ಬೀಗಿದ. ಅಂದು ನಟ್ಟಣ್ಣನ ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯಿತು.

"ಬೆನ್ನು ನೋವಾ?" ಎಂದಳು ಹೆಂಡತಿ.

"ಹೂಂ," ಎಂದ. ಆಮೇಲೆ ಉಳಿದದ್ದನ್ನೂ ಹೇಳಿದ.

ಆಕೆ ತಟ್ಟೆ ಎತ್ತಿಟ್ಟಳು. "ನನಗೆ ಹೇಳಿ ಏನು ಬಂತು? ಬೈದಿದ್ದು ಅಂಗಡೀಲಿ."

ಮರುದಿನ ಗಿರಾಕಿಗಳು ತುಂಬಿರುವ ಹೊತ್ತು ನೋಡಿಯೇ ಹೋದ. ಭಾವಮೈದನನ್ನೂ ಕರೆದುಕೊಂಡು, ಹೊಸ ಬ್ಯಾಟರಿ ಅವನ ಕೈಲೇ ಹೊರಿಸಿಕೊಂಡು.

"ತಪ್ಪು ನಂದು," ಎಂದ. ದನಿ ಏಳಲಿಲ್ಲ, ಮತ್ತೆ ಹೇಳಬೇಕಾಯಿತು. "ತಪ್ಪು ನಂದು. ಐದು ತಿಂಗಳು ನೀರು ಹಾಕಿಲ್ಲ. ಎತ್ತೋಕಾಗ್ಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಈ ಹುಡುಗಿ ಮಾಲಲ್ಲಿ ಏನೂ ದೋಷ ಇರಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಭಾವಮೈದ ಬ್ಯಾಟರಿಯನ್ನು ನೆಲಕ್ಕಿಟ್ಟು ಹೊರಗೆ ನಡೆದುಬಿಟ್ಟ.

"ಅವತ್ತೇ ಗೊತ್ತಾಯ್ತು," ಎಂದಳು ಅಂಗಡಿಯಾಕೆ ಮೆಲ್ಲಗೆ. "ನಮ್ಮಪ್ಪನಿಗೆ ಕೆಲಸ ಕಲಿಸಿದೋರು ನೀವು. ನಾಲ್ಕು ಜನರೆದುರು ಹೇಗೆ ಹೇಳ್ಲಿ?"

ನಟ್ಟಣ್ಣನಿಗೆ ತಲೆ ಎತ್ತಲಾಗಲಿಲ್ಲ. ಹೊರಿಸಿ ತಂದದ್ದನ್ನು ಅಲ್ಲೇ ಬಿಟ್ಟು, ಲಿಥಿಯಂ ಬ್ಯಾಟರಿಯನ್ನೂ ಅದಕ್ಕೆ ಹೊಂದುವ ಚಾರ್ಜರನ್ನೂ ಕೊಂಡು, ಒಬ್ಬನೇ ಹಿಡಿದುಕೊಂಡು ದೋಣಿಗೆ ಹೋಗಿ ಕೂರಿಸಿದ.

ಆ ವಾರ ಭಾವಮೈದ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ವಾರ ಬಂದು, ಮಾತಿಲ್ಲದೆ ಹಗ್ಗ ಬಿಚ್ಚಿ ದೋಣಿಯಲ್ಲಿ ಕೂತ. ಕೋಪ ಹೋಯಿತೇ ಎಂದು ನಟ್ಟಣ್ಣ ಕೇಳಲಿಲ್ಲ. ಕೇಳುವ ಮುಖ ಅವನಿಗಿರಲಿಲ್ಲ.